ಕರಡಣ್ಣ ಮತ್ತು ಬೆಳಗಿನ ಪಾಳಿ

‘ಚೆನ್ನಾಗಿದೆ’ ಎಂಬ ಮಾತು ಕರಡಣ್ಣನವರ ಬಾಯಿಂದ ಹೊರಬಿದ್ದದ್ದನ್ನು ಕಿವಿಯಾರೆ ಕೇಳಿದವರು ನಮ್ಮ ಮುದ್ರಣಾಲಯದಲ್ಲಿ ಒಬ್ಬರೂ ಇರಲಿಲ್ಲ. ಅವರ ಮೆಚ್ಚುಗೆಯ ತುತ್ತತುದಿಯೆಂದರೆ ‘ಪರವಾಗಿಲ್ಲ’. ಮಾಲೀಕರ ಮನೆಯ ಔತಣವೂ ಪರವಾಗಿಲ್ಲ, ಹೊಸದಾಗಿ ತರಿಸಿದ ಯಂತ್ರವೂ ಪರವಾಗಿಲ್ಲ, ಮಳೆ ನಿಂತ ಒಂದು ಸಂಜೆ ಇಡೀ ಬೀದಿಯ ಜನ ಮಹಡಿಯೇರಿ ನೋಡಿದ ಜೋಡಿ ಕಾಮನಬಿಲ್ಲೂ ಪರವಾಗಿಲ್ಲ; ಅದರಲ್ಲೂ ಎರಡನೆಯದರ ಬಣ್ಣ ಸರಿಯಾಗಿ ಕೂತಿಲ್ಲವೆಂದು ಅವರು ಕತ್ತೆತ್ತಿ, ಕಣ್ಣು ಕಿರಿದು ಮಾಡಿ, ಅಚ್ಚಿನ ಹಾಳೆಯನ್ನು ನೋಡುವಂತೆ ನೋಡಿ ತೀರ್ಪು ಕೊಟ್ಟಿದ್ದರು. ಇದರಲ್ಲಿ ಅಸೂಯೆಯೂ ಇರಲಿಲ್ಲ, ಸಿಡುಕೂ ಇರಲಿಲ್ಲ. ಅರ್ಧ ಆಯುಷ್ಯ ಪರರ ಬರಹದ ತಪ್ಪುಗಳನ್ನೇ ಹುಡುಕುತ್ತ ಬಂದ ಕಣ್ಣಿಗೆ ಲೋಕವೇ ಒಂದು ದೊಡ್ಡ ಕರಡುಪ್ರತಿಯಾಗಿ ಕಾಣತೊಡಗಿತ್ತು. ಇನ್ನೂ ತಿದ್ದುವುದಿದೆ, ಇನ್ನೂ ಅಚ್ಚಿಗೆ ಹೋಗುವ ಹಾಗಿಲ್ಲ ಎಂಬ ಭಾವ ಅವರ ಹುಬ್ಬುಗಳ ನಡುವೆ ಸದಾ ಒಂದು ಗೆರೆಯಾಗಿ ನಿಂತಿರುತ್ತಿತ್ತು.

ಕರಡು ತಿದ್ದುವವರಾದ್ದರಿಂದ ಕರಡಣ್ಣ. ಬಿಸಿಲು ಚಳಿಯೆನ್ನದೆ ಅವರು ತೊಡುತ್ತಿದ್ದ, ಜುಂಜುರೋಮದ ಕಂದು ಉಣ್ಣೆಕೋಟನ್ನು ಕಂಡ ಮೇಲೆ ಅಚ್ಚುಮೊಳೆ ಜೋಡಿಸುವವರು ಆ ಹೆಸರಿಗೊಂದು ಗುಡಿಸು ಸೇರಿಸಿ ಬೆನ್ನ ಹಿಂದೆ ‘ಕರಡಿಯಣ್ಣ’ ಎನ್ನುತ್ತಿದ್ದರು. ಅದು ಅವರ ಕಿವಿಗೆ ಬಿದ್ದ ದಿನ ಕನ್ನಡಕವನ್ನು ಹಣೆಗೇರಿಸಿ, “ಗುಡಿಸು ಹೆಚ್ಚಾಗಿದೆ, ತೆಗೀರಿ,” ಎಂದಷ್ಟೇ ಹೇಳಿ ಮತ್ತೆ ಹಾಳೆಗೆ ತಲೆ ಬಗ್ಗಿಸಿದರಂತೆ. ನಡೆಯುವಾಗ ಅವರ ಕಾಲು ಒಂದು ದಿಕ್ಕಿಗೆ, ಮುಖ ಇನ್ನೊಂದು ದಿಕ್ಕಿಗೆ. ಅಂಗಡಿಗಳ ಫಲಕಗಳನ್ನು ಓದುತ್ತ, ಭುಜವನ್ನು ಮುಂದು ಮಾಡಿಕೊಂಡು, ಏಡಿಯಂತೆ ತುಸು ಅಡ್ಡಡ್ಡ ಸಾಗುತ್ತಿದ್ದರು. ಎದುರು ಬಂದವರಿಗೆ ಡಿಕ್ಕಿ ಹೊಡೆದರೆ ಫಲಕದಿಂದ ಕಣ್ಣು ತೆಗೆಯದೆಯೇ ‘ಕ್ಷಮಿಸಿ’ ಎನ್ನುತ್ತಿದ್ದರು. ನನ್ನ ಮೊದಲ ಪುಸ್ತಕದ ಕರಡನ್ನು ತಿದ್ದಿಕೊಟ್ಟಾಗ ಅದರ ಅಂಚುಗಳೆಲ್ಲ ಕೆಂಪಾಗಿದ್ದವು. ಹೇಗಿದೆ ಎಂದು ಅಂಜುತ್ತಲೇ ಕೇಳಿದೆ. “ಪರವಾಗಿಲ್ಲ, ಸಾಹಿತಿಗಳೇ,” ಎಂದರು. ಅಂದು ಹೆಜ್ಜೆ ನೆಲಕ್ಕೆ ತಾಗದಂತೆ ನಾನು ಮನೆಗೆ ಹೋದದ್ದು ನೆನಪಿದೆ.

ಅವರು ಮದುವೆಯಾಗಿರಲಿಲ್ಲ. ಸೈಕಲ್ ರಿಪೇರಿಯ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಬೀದಿಗೆ ತೆರೆದ ಒಂದು ಕಿಟಕಿ, ಒಂದು ಹಾಸಿಗೆ, ತಮಗೊಂದು ಕುರ್ಚಿ, ನಿಘಂಟುಗಳಿಗೊಂದು ಕುರ್ಚಿ ಇಟ್ಟುಕೊಂಡು ಬಾಳಿದ್ದರು. ದೂರದ ಊರಿನಲ್ಲಿದ್ದ ತಂಗಿ ಭಾನುವಾರಕ್ಕೊಮ್ಮೆ ಫೋನು ಮಾಡಿ “ಹೇಗಿದೀಯಣ್ಣ?” ಎನ್ನುವುದು, ಇವರು “ಪರವಾಗಿಲ್ಲ” ಎನ್ನುವುದು, ಆಮೇಲೆ ಆಕೆ ತನ್ನ ಮನೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುವುದು, ಇಷ್ಟು ಅವರ ಸಂಸಾರ. ಬೆಳಿಗ್ಗೆ ಎದ್ದವರು ಮುದ್ರಣಾಲಯದ ಬಾಗಿಲು ತಲುಪುವವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲವಾದ್ದರಿಂದ ದಿನದ ಮೊದಲ ಮಾತಿಗೆ ಅವರ ಗಂಟಲು ಯಾವಾಗಲೂ ಸ್ವಲ್ಪ ಕೀರಲಾಗಿರುತ್ತಿತ್ತು. ಇದನ್ನು ಒಂಟಿತನವೆಂದು ಅವರು ಎಂದೂ ಕರೆದವರಲ್ಲ. ಹೆಸರಿಡದಿದ್ದರೆ ಕೆಲವು ಸಂಗತಿಗಳು ಇಲ್ಲದಂತೆಯೇ ಇದ್ದುಬಿಡುತ್ತವೆ.

ಅವರು ಬಿದ್ದದ್ದು ಮುದ್ರಣಾಲಯದ ಮೆಟ್ಟಿಲಿನಲ್ಲಿ, ಕರಡನ್ನು ಓದುತ್ತ ಇಳಿಯುವಾಗ. ಸೊಂಟದ ಮೂಳೆ ಮುರಿಯಿತು. ಊರಿನ ಸಮುದಾಯ ಆಸ್ಪತ್ರೆಗೆ ಅವರನ್ನು ಸಾಗಿಸುವಾಗ ನಾನೂ ಜೊತೆಗಿದ್ದೆ. ಅದು ಊರ ಜನ ತಾವೇ ಕೈಜೋಡಿಸಿ ಕಟ್ಟಿಕೊಂಡ ಹಳೆಯ ಆಸ್ಪತ್ರೆ. ಉದ್ದನೆಯ ಮೊಗಸಾಲೆ, ಎರಡು ವಾರ್ಡು, ಮಾಸಿದ ಹಳದಿ ಗೋಡೆ, ಕಿಟಕಿಯಾಚೆ ತಂತಿಯ ಮೇಲೆ ಸಾಲಾಗಿ ಒಣಗುವ ಬಿಳಿಯ ಹೊದಿಕೆಗಳು. ಬಡವರು ಬೇರೆ ದಾರಿಯಿಲ್ಲದೆ ಅಲ್ಲಿಗೆ ಬರುತ್ತಿದ್ದರು, ಅನುಕೂಲಸ್ಥರು ಬೇರೆಡೆ ಹೋಗಿ ಬೇಸತ್ತು ಬರುತ್ತಿದ್ದರು. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದರೂ ಕರಡಣ್ಣನವರ ಕಣ್ಣು ಸುಮ್ಮನಿರಲಿಲ್ಲ. ಗಾಲಿಮಂಚದ ಒಂದು ಚಕ್ರ ಕಿರುಗುಟ್ಟುತ್ತದೆ, ನೀರಿನ ಲೋಟಕ್ಕೆ ಮುಚ್ಚಳವಿಲ್ಲ, ಬಚ್ಚಲಿನ ಚಿಲಕ ಒಳಗಿನಿಂದ ಬೀಳುವುದಿಲ್ಲ, ವೈದ್ಯರು ಕಾಲನ್ನು ನೋಡುತ್ತಾರೆಯೇ ಹೊರತು ಕಾಲಿನ ಯಜಮಾನನ ಮುಖ ನೋಡುವುದಿಲ್ಲ. ಆಪರೇಷನ್ ಕೋಣೆಯ ಬಾಗಿಲಿನ ಮೇಲೆ ಯಾವನೋ ಪುಣ್ಯಾತ್ಮ ‘ಶಾಸ್ತ್ರಚಿಕಿತ್ಸೆ’ ಎಂದು ಬರೆದುಬಿಟ್ಟಿದ್ದ. ಗಾಲಿಮಂಚ ಅದರಡಿ ಬಂದಾಗ ಕರಡಣ್ಣ ಕೈಯೆತ್ತಿ ತಡೆದರು.

“ನಿಲ್ಸಿ. ನನಗೆ ಶಾಸ್ತ್ರಕ್ಕೆ ಚಿಕಿತ್ಸೆ ಬೇಡ. ಮಾಡೋದಾದ್ರೆ ಶಸ್ತ್ರದಿಂದಲೇ ಮಾಡಿ.”

ಮಂಚ ತಳ್ಳುತ್ತಿದ್ದವನಿಗೆ ಅರ್ಥವಾಗಲಿಲ್ಲ. “ಹೆದರ್ಕೋಬೇಡಿ ಸಾರ್, ಮಂಪರು ಕೊಡ್ತಾರೆ,” ಎಂದು ಸಮಾಧಾನ ಹೇಳಿ ಒಳಗೆ ತಳ್ಳಿಕೊಂಡು ಹೋದ.

ಆಪರೇಷನ್ ಸುಸೂತ್ರವಾಯಿತು. ಅದರ ಮರುದಿನ ಬೆಳಿಗ್ಗೆ ನಡೆದದ್ದು ಒಂದು ಸಣ್ಣ ಸಂಗತಿ. ಎಷ್ಟು ಸಣ್ಣದೆಂದರೆ ಅವರು ಅದನ್ನು ನನಗೆ ಹೇಳುವ ಹೊತ್ತಿಗೆ ವರ್ಷ ಕಳೆದಿತ್ತು, ಹೇಳುವಾಗಲೂ ಇಷ್ಟನ್ನು ಹೇಳಬೇಕೇ ಎಂಬ ಸಂಕೋಚ ಅವರನ್ನು ಬಿಟ್ಟಿರಲಿಲ್ಲ. ಬೆಳಗಿನ ಪಾಳಿಗೆ ಬಂದ ನರ್ಸಮ್ಮ, ಬಾಳಿನ ನಡುಹಾದಿಗೆ ಬಂದ, ತುಂಬಿದ ಮೈಯ, ಸದಾ ನೆಗಡಿಯಾದಂತಿದ್ದ ದನಿಯ ಹೆಂಗಸು, ಮಂಚದ ಕೆಳಗಿನಿಂದ ಸ್ಟೂಲು ಎಳೆದುಕೊಂಡು, ಅವಸರವೇ ಇಲ್ಲದವರಂತೆ ಅದರ ಮೇಲೆ ಕುಳಿತು, ಕೇಳಿದರು:

“ರಾತ್ರಿ ನಿದ್ದೆ ಬಂತಾ ಯಜಮಾನ್ರೇ?”

“ಪರವಾಗಿಲ್ಲ.”

ಎಲ್ಲರೂ ಅಲ್ಲಿಗೆ ಬಿಡುತ್ತಿದ್ದರು. ಆಕೆ ಬಿಡಲಿಲ್ಲ. “ಪರವಾಗಿಲ್ಲ ಅಂದ್ರೆ ಬಂತು ಅಂತಾನೋ, ಬರಲಿಲ್ಲ ಅಂತಾನೋ?”

ಕರಡಣ್ಣ ತಬ್ಬಿಬ್ಬಾದರು. ತಮ್ಮ ಮಾತಿನಲ್ಲೇ ಅಸ್ಪಷ್ಟತೆಯ ದೋಷವಿದೆಯೆಂದು ಯಾರಾದರೂ ಅಂಚಿನಲ್ಲಿ ಗುರುತು ಹಾಕಿದ್ದು ಅದೇ ಮೊದಲು. “ಬರಲಿಲ್ಲ,” ಎಂದರು. ಏಕೆ ಬರಲಿಲ್ಲ, ನೋವಿಗೋ, ಭಯಕ್ಕೋ, ಪಕ್ಕದ ಮಂಚದ ಲಾರಿ ಡ್ರೈವರನ ಗೊರಕೆಗೋ ಎಂದು ಆಕೆ ಒಂದೊಂದಾಗಿ ಕೇಳಿದರು. ಕೇಳಿ ಉತ್ತರಕ್ಕೆ ಕಾದರು. ಆ ಕಾಯುವಿಕೆ ಕರಡಣ್ಣನವರಿಗೆ ಹೊಸದು. ಲೋಕದಲ್ಲಿ ಪ್ರಶ್ನೆ ಕೇಳುವವರಿಗೇನೂ ಕೊರತೆಯಿಲ್ಲ. ಉತ್ತರ ಹುಟ್ಟಿ ಬರುವವರೆಗೆ ಮುಖದ ಮೇಲೆ ಕಣ್ಣಿಟ್ಟು ಕೂರುವವರು ಮಾತ್ರ ಅಪರೂಪ. “ಭಯ ಸ್ವಲ್ಪ ಇತ್ತು,” ಎಂದು ಅವರು ಗೋಡೆಯ ಕಡೆ ತಿರುಗಿ ಹೇಳಿದರು. ಭಯವೆಂಬ ಪದವನ್ನು ಸಾವಿರ ಸಲ ತಿದ್ದಿದ್ದರೂ ತಮಗೆ ಅನ್ವಯಿಸಿ ಅದನ್ನು ಉಚ್ಚರಿಸಿದ್ದು ಅವರಿಗೆ ನೆನಪಿರಲಿಲ್ಲ.

ಅಂದಿನಿಂದ ಬೆಳಗಾಗುವುದೇ ತಡ, ಅವರು ಉತ್ತರವನ್ನು ಸಿದ್ಧ ಮಾಡಿಕೊಳ್ಳತೊಡಗಿದರು. ನಡುರಾತ್ರಿಯವರೆಗೆ ತೆಳುನಿದ್ದೆ, ಆಮೇಲೆ ಗಾಢ. ಕನಸಿನಲ್ಲಿ ಅಮ್ಮ ಬಂದಿದ್ದಳು, ಆದರೆ ಮಾತಾಡಲಿಲ್ಲ. ಎಡಮಗ್ಗುಲಿಗೆ ನೋವು ಹೆಚ್ಚು. ನರ್ಸಮ್ಮ ಎಲ್ಲವನ್ನೂ ಕೇಳಿ, ಕೇಳಿದ್ದಕ್ಕೆ ತಕ್ಕಂತೆ ದಿಂಬನ್ನು ಅತ್ತಿತ್ತ ಸರಿಸುತ್ತಿದ್ದರು. ಸೂಜಿ ಚುಚ್ಚುವ ಮುಂಚೆ “ಈಗ ಚುರ್ ಅನ್ನುತ್ತೆ” ಎಂದು ಹೇಳಿ ಚುಚ್ಚುತ್ತಿದ್ದರು. ನೋವಾಗುವುದಿಲ್ಲ ಎಂಬ ಸುಳ್ಳು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಕರಡಣ್ಣ ಮೊದಲ ಸಲ ಆಸರೆಗೋಲು ಹಿಡಿದು ಮೊಗಸಾಲೆಯಲ್ಲಿ ನಡೆದಾಗ ಆಕೆ ಅವರಿಗೆದುರಾಗಿ, ತಾವು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಎರಡೂ ಕೈಗಳನ್ನು ತುಸು ಚಾಚಿ, ಮುಟ್ಟದೆ, ಬಿದ್ದರೆ ಹಿಡಿಯುವಷ್ಟು ದೂರದಲ್ಲಿ ನಡೆದರು. “ಗೋಡೆ ಮೇಲಿನ ಬೋರ್ಡ್ ಆಮೇಲೆ ಓದಿ. ಈಗ ನನ್ನ ಮುಖ ನೋಡಿ,” ಎಂದರು. ಫಲಕಗಳಿಂದ ಕಣ್ಣು ಕಿತ್ತು ಮನುಷ್ಯರ ಮುಖ ನೋಡಿಕೊಂಡು ಕರಡಣ್ಣ ನಡೆದದ್ದು ಬಹುಶಃ ಅದೇ ಮೊದಲು. ಆ ದಿನ ಅವರ ನಡಿಗೆ ನೆಟ್ಟಗಿತ್ತೆಂದು ಲಾರಿ ಡ್ರೈವರು ಸಾಕ್ಷಿ ಹೇಳಿದ.

ಆ ಭಾನುವಾರ ಸಂಜೆ ಅವರ ತಂಗಿಯಿಂದ ನನಗೊಂದು ಫೋನು ಬಂತು. ದನಿಯಲ್ಲಿ ಗಾಬರಿಯಿತ್ತು.

“ಅಣ್ಣನ ತಲೆಗೇನಾದ್ರೂ ಪೆಟ್ಟಾಗಿದೆಯಾ? ನನಗೆ ಮುಚ್ಚಿಡಬೇಡಿ.”

“ಇಲ್ಲಮ್ಮ, ಸೊಂಟಕ್ಕೆ ಮಾತ್ರ. ಯಾಕೆ?”

“ಆಸ್ಪತ್ರೆ ಹೇಗಿದೆ ಅಂತ ಕೇಳ್ದೆ. ‘ಚೆನ್ನಾಗಿದೆ’ ಅಂದ.”

ನಾನು ನಕ್ಕೆ, ಆಮೇಲೆ ಆಕೆಯೂ ನಕ್ಕಳು, ನಗುತ್ತ ನಗುತ್ತ ಆಕೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ಮರುದಿನ ನಾನು ವಾರ್ಡಿಗೆ ಹೋದಾಗ ಚಹಾ ಆರಿಹೋಗಿತ್ತು, ಮೇಲಿನ ಫ್ಯಾನು ಟಕಟಕ ಎನ್ನುತ್ತಿತ್ತು, ಬಚ್ಚಲಿನ ಚಿಲಕ ಹಾಗೆಯೇ ಇತ್ತು. ಕರಡಣ್ಣನವರಿಗೆ ಇವು ಯಾವುವೂ ಕಾಣಿಸುತ್ತಿರಲಿಲ್ಲವೆಂದಲ್ಲ. ಕಂಡರೂ ಅಂಚಿನಲ್ಲಿ ಗುರುತು ಹಾಕದೆ ಪುಟ ತಿರುಗಿಸುವ ಔದಾರ್ಯ ಅವರಿಗೆ ಹೇಗೋ ಒದಗಿಬಂದಿತ್ತು.

ಮನೆಗೆ ಕಳಿಸುವ ದಿನ ಬಂದಾಗ ಇತರ ರೋಗಿಗಳೆಲ್ಲ ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿ ಕಾಲು ನೆಲಕ್ಕೆ ತಟ್ಟುತ್ತ ಕೂರುವುದು ವಾಡಿಕೆ. ಕರಡಣ್ಣ ಕೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಗೆ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ನರ್ಸಮ್ಮ ಬೇರೊಂದು ಮಂಚದ ಬಳಿ ಸ್ಟೂಲು ಎಳೆದುಕೊಂಡು ಕೂತಿದ್ದರು, ಕೈಯೆತ್ತಿ, “ಹೋಗಿ ಬನ್ನಿ ಯಜಮಾನ್ರೇ,” ಎಂದು, ಕೂಡಲೇ ನಾಲಿಗೆ ಕಚ್ಚಿಕೊಂಡು, “ಅಯ್ಯೋ, ಆಸ್ಪತ್ರೆಯಲ್ಲಿ ‘ಬನ್ನಿ’ ಅನ್ನಬಾರದು. ಹೋಗಿ, ಚೆನ್ನಾಗಿರಿ,” ಎಂದು ತಿದ್ದಿಕೊಂಡರು. ಆ ತಿದ್ದುಪಡಿ ಕರಡಣ್ಣನವರಿಗೆ ಬೇಕಿರಲಿಲ್ಲ.

ಕೋಣೆಗೆ ಮರಳಿದ ಮೊದಲ ಬೆಳಗು ಅವರು ಎಂದಿನಂತೆ ಎದ್ದು, ಅಭ್ಯಾಸಬಲದಿಂದ ರಾತ್ರಿಯ ನಿದ್ದೆಯ ವರದಿಯನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಕಾದರು. ಕೆಳಗೆ ಅಂಗಡಿಯಾತ ಕಬ್ಬಿಣದ ಬಾಗಿಲನ್ನು ಸರ್ರನೆ ಎತ್ತಿದ. ಯಾವುದೋ ಚಕ್ರಕ್ಕೆ ಗಾಳಿ ತುಂಬುವ ಸದ್ದು ಬಂತು. ನಿಘಂಟುಗಳು ತಮ್ಮ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದವು. ಅಷ್ಟು ವರ್ಷ ಬಾಳಿದ ಕೋಣೆಯಲ್ಲಿ ಅಂದು ಅವರಿಗೆ ಮೊದಲ ಬಾರಿ ಏನೋ ಬಿಟ್ಟುಹೋದಂತೆ, ಸಾಲಿನ ನಡುವೆ ಒಂದು ಪದ ಜಾರಿಹೋಗಿ ವಾಕ್ಯವೇ ನಿಲ್ಲದಂತೆ ಆಯಿತು. ಇಲ್ಲದಂತಿದ್ದುದಕ್ಕೆ ಈಗ ಹೆಸರು ಸಿಕ್ಕಿಬಿಟ್ಟಿತ್ತು.

ಆಮೇಲೆ ಅವರಿಗೆ ಕಾಯಿಲೆಗಳು ಬರತೊಡಗಿದವು. ಒಮ್ಮೆ ಮಂಡಿಯಲ್ಲಿ ಚಳುಕು, ಒಮ್ಮೆ ಕಿವಿಯಲ್ಲಿ ಗುಂಯ್ ಎಂಬ ನಾದ, ಒಮ್ಮೆ ಊಟವಾದ ಮೇಲೆ ಎದೆಯಲ್ಲಿ ಏನೋ ಒಂದು ಥರ. ಚೀಟಿ ಮಾಡಿಸಿಕೊಂಡು ಹೊರರೋಗಿಗಳ ಹಜಾರದಲ್ಲಿ, ಗೋಡೆಬದಿಯ ಬೆಂಚಿನ ತುದಿಯಲ್ಲಿ, ವಾರ್ಡಿನ ಬಾಗಿಲು ಕಾಣುವ ಕಡೆ ಕೂರುತ್ತಿದ್ದರು. ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರು, ಕೆಲಸಕ್ಕೆ ಹೊತ್ತಾಯಿತೆಂದು ಗೊಣಗುವವರು, ತಮ್ಮ ರೋಗವನ್ನು ಪಕ್ಕದವರ ರೋಗದೊಂದಿಗೆ ಹೋಲಿಸಿ ಮೇಲುಗೈ ಸಾಧಿಸುವವರು. ಆ ಗದ್ದಲದ ನಡುವೆ ಕಾಯುವುದು ಎಲ್ಲರಿಗೂ ಶಿಕ್ಷೆ, ಕರಡಣ್ಣನವರಿಗೆ ಮಾತ್ರ ಅದೇ ಚಿಕಿತ್ಸೆ. ಎಂದಾದರೊಮ್ಮೆ ನರ್ಸಮ್ಮ ಔಷಧಿಯ ತಟ್ಟೆ ಹಿಡಿದು ಮೊಗಸಾಲೆ ದಾಟುವಾಗ ಇವರನ್ನು ಕಂಡು, “ಏನ್ ಯಜಮಾನ್ರೇ, ನಿದ್ದೆ ಹೇಗಿದೆ?” ಎಂದು ನಡೆಯುತ್ತಲೇ ಕೇಳುತ್ತಿದ್ದರು. ಇವರು ಎದ್ದು ನಿಂತು ಉತ್ತರ ಹೇಳುವಷ್ಟರಲ್ಲಿ ಆಕೆ ವಾರ್ಡಿನೊಳಗೆ ಮರೆಯಾಗಿರುತ್ತಿದ್ದರು. ಸಾಕಾಗುತ್ತಿತ್ತು. ಸಾಕಾಗುತ್ತಿರಲಿಲ್ಲ ಎಂದೂ ಹೇಳಬಹುದು.

ಒಂದು ದಿನ ಆಕೆ ಕಾಣಲಿಲ್ಲ. ಮುಂದಿನ ಸಲವೂ ಕಾಣಲಿಲ್ಲ. ಚೀಟಿ ಬರೆಯುವಾತನನ್ನು ಕೇಳಿದಾಗ, “ಅವರಾ? ಬೇರೆ ಆಸ್ಪತ್ರೆಗೆ ಹೋದ್ರಲ್ಲ, ಅವರ ಯಜಮಾನರಿಗೆ ವರ್ಗ ಆಯ್ತಂತೆ,” ಎಂದು ತಲೆಯೆತ್ತದೆ ಹೇಳಿ, “ನಿಮಗೇನಾಗಿದೆ?” ಎಂದ. ಏನಾಗಿದೆಯೆಂದು ಹೇಳಲು ಕರಡಣ್ಣನವರಿಗೆ ಆ ಕ್ಷಣ ಯಾವ ಕಾಯಿಲೆಯೂ ತೋಚಲಿಲ್ಲ. “ಕೆಮ್ಮು,” ಎಂದು ಹೇಳಿ, ಹೇಳಿದ್ದಕ್ಕೆ ಒಮ್ಮೆ ಕೆಮ್ಮಿದರು.

ಆಕೆ ಇಲ್ಲವೆಂದು ತಿಳಿದ ಮೇಲೂ ಅವರು ಹೋಗುವುದನ್ನು ನಿಲ್ಲಿಸಲಿಲ್ಲ. ಆ ಹೊತ್ತಿಗೆ ಅಲ್ಲಿಗೊಬ್ಬರು ಹೊಸ ಡಾಕ್ಟರಮ್ಮ ಬಂದಿದ್ದರು: ಎಳೆಯ ವಯಸ್ಸು, ಚುರುಕು ಕೈ, ಕಣ್ಣ ಕೆಳಗೆ ಎರಡು ಕಪ್ಪು ಗೆರೆ. ಇಡೀ ಹಜಾರದ ಭಾರ ಅವರೊಬ್ಬರ ಮೇಜಿನ ಮೇಲಿತ್ತು. ಕರಡಣ್ಣನವರ ಎದೆಗೆ ಕೊಳವೆಯಿಟ್ಟು, ಬೆನ್ನಿಗಿಟ್ಟು, ನಾಲಿಗೆ ನೋಡಿ, ಕೊನೆಗೆ ಕೊಳವೆಯನ್ನು ಕೊರಳಿಗೆ ಹಾಕಿಕೊಂಡು ನೇರವಾಗಿ ಹೇಳಿದರು:

“ತಾತ, ನಿಮಗೆ ಯಾವ ಕಾಯಿಲೆನೂ ಇಲ್ಲ. ಹೋದ ಸಲವೂ ಇರಲಿಲ್ಲ. ನಿಮ್ಮ ಹಿಂದೆ ನಿಜವಾದ ಕಾಯಿಲೆ ಇರೋರು ಕಾಯ್ತಿದಾರೆ.”

ಅದು ಸತ್ಯ. ದನಿಯಲ್ಲಿ ಕಟುತ್ವವಿರಲಿಲ್ಲ, ದಣಿವಿತ್ತು. ಕರಡಣ್ಣ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡು, “ನೀವು ಹೇಳೋದು ಸರಿ,” ಎಂದರು. ಬಾಗಿಲಿನ ಹೊರಗೆ ಅಳುವ ಮಗುವನ್ನು ಆಡಿಸುತ್ತ ನಿಂತಿದ್ದ ತಾಯಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ ನಡೆದರು. ತಪ್ಪನ್ನು ತೋರಿಸಿಕೊಟ್ಟರೆ ಒಪ್ಪಿಕೊಳ್ಳುವುದು ಅವರ ಕಸುಬಿನ ಧರ್ಮ. ಇದರಲ್ಲಿ ತಪ್ಪು ತಮ್ಮದೇ ಎಂದು ಅವರು ಬಗೆದರು. ಆಮೇಲೆ ಆ ಬೀದಿಯ ಕಡೆ ತಲೆ ಹಾಕಲಿಲ್ಲ.

ಚಳಿಗಾಲದಲ್ಲಿ ನನ್ನ ಹೊಸ ಪುಸ್ತಕದ ಕರಡು ಅವರ ಕೈಯಿಂದ ತಿದ್ದಿಸಿಕೊಂಡು ಬಂತು. ತೆರೆದು ನೋಡಿದರೆ ಮುಖಪುಟದಲ್ಲಿ ನನ್ನ ಹೆಸರಿನಲ್ಲೇ ತಪ್ಪು ಹಾಗೇ ಉಳಿದಿತ್ತು. ಒಳಗೆ ಪುಟಗಟ್ಟಲೆ ಕೆಂಪು ಗುರುತೇ ಇರಲಿಲ್ಲ. ಇಷ್ಟು ಚೊಕ್ಕವಾಗಿ ನಾನೆಂದೂ ಬರೆದವನಲ್ಲ. ಕೂಡಲೇ ಹೊರಟು, ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲೇರಿ ಬಾಗಿಲು ತಟ್ಟಿದೆ. ಕರಡಣ್ಣ ಕೋಟಿನ ಮೇಲೆ ಕಂಬಳಿ ಹೊದ್ದು ಹಾಸಿಗೆಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಮೈ ಕಾದ ಹೆಂಚಿನಂತಿತ್ತು. ಒಂದೊಂದು ಉಸಿರೂ ಎಲ್ಲೋ ದೂರದಿಂದ ಏರಿ ಬರುವಂತೆ ಬರುತ್ತಿತ್ತು.

“ಯಾವಾಗಿಂದ ಹೀಗಿದೆ?” ಎಂದೆ.

“ಪರವಾಗಿಲ್ಲ.”

“ಆಸ್ಪತ್ರೆಗೆ ಹೋಗೋಣ, ಏಳಿ.”

“ಅಲ್ಲಿ ನಿಜವಾದ ಕಾಯಿಲೆಯವರು ಕಾಯ್ತಿರ್ತಾರೆ,” ಎಂದರು. ಅದರಲ್ಲಿ ಮುನಿಸಿರಲಿಲ್ಲ, ಒಪ್ಪಿಕೊಂಡ ನಿಯಮವೊಂದನ್ನು ನನಗೂ ತಿಳಿಸಿಕೊಡುವ ಸೌಜನ್ಯವಷ್ಟೇ ಇತ್ತು. ಅಂಗಡಿಯಾತನನ್ನು ಕೂಗಿ, ಇಬ್ಬರೂ ಸೇರಿ ಅವರನ್ನು ಮೆಟ್ಟಿಲಿಳಿಸಿದೆವು.

ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ತಡವಾಗಿದೆ, ಆದರೂ ಕೈಮೀರಿಲ್ಲ ಎಂದರು ಅದೇ ಆಸ್ಪತ್ರೆಯ ವೈದ್ಯರು. ಮೂಗಿಗೆ ಕೊಳವೆ, ಕೈಗೆ ಸೂಜಿ, ಕೆಲವು ದಿನ ಅರೆಮಂಪರು. ಜ್ವರ ಇಳಿದು ಕಣ್ಣು ತಿಳಿಯಾದ ದಿನ ಮಧ್ಯಾಹ್ನ ಆ ಡಾಕ್ಟರಮ್ಮ ಬಂದರು. ಪಕ್ಕದಲ್ಲಿ ನಾನಿದ್ದೆ. ಆಕೆ ಮಂಚದ ಕಾಲ್ದೆಸೆಯಲ್ಲಿ ತೂಗುಹಾಕಿದ್ದ ಜ್ವರದ ಪಟ್ಟಿ ನೋಡಿದರು, ನಾಡಿ ನೋಡಿದರು, ಹೊರಡುವವರಂತೆ ತಿರುಗಿದವರು ಮತ್ತೆ ನಿಂತರು.

“ತಾತ, ಇಷ್ಟು ದಿನ ಯಾಕೆ ಬರಲಿಲ್ಲ?”

“ನೀವೇ ಹೇಳಿದ್ರಲ್ಲ, ಕಾಯಿಲೆ ಇಲ್ಲ ಅಂತ.”

“ಆವಾಗ ಇರಲಿಲ್ಲ.”

“ಆವಾಗ ಇರಲಿಲ್ಲ,” ಎಂದು ಕರಡಣ್ಣನೂ ಒಪ್ಪಿದರು. “ಇದು ನಿಜವಾದ್ದೋ ಅಲ್ಲವೋ ಅಂತ ನನಗೆ ಗೊತ್ತಾಗಲಿಲ್ಲ. ಮತ್ತೆ ತಪ್ಪಾದ್ರೆ ಅಂತ.”

ಕಿಟಕಿಯಾಚೆ ಯಾರೋ ತಂತಿಯ ಮೇಲಿನ ಹೊದಿಕೆಗಳನ್ನು ಝಾಡಿಸಿ ಮಡಚುತ್ತಿದ್ದರು. ಡಾಕ್ಟರಮ್ಮ ಮಂಚದ ಅಂಚಿನಲ್ಲಿ, ಕಾಲಿಗೆ ತಾಗದಂತೆ, ನಿಧಾನ ಕುಳಿತರು.

“ಮತ್ತೆ ಅಷ್ಟು ಸಲ ಯಾಕೆ ಬರ್ತಿದ್ರಿ ತಾತ? ನಾನು ಕೇಳಲೇ ಇಲ್ಲ.”

ಕರಡಣ್ಣ ಬೆಳಗಿನ ಪಾಳಿಯ ನರ್ಸಮ್ಮನ ಸುದ್ದಿ ಹೇಳಿದರು. ಸ್ಟೂಲು ಎಳೆದುಕೊಂಡು ಕೂರುತ್ತಿದ್ದುದು, ಕೇಳುತ್ತಿದ್ದುದು, ಕಾಯುತ್ತಿದ್ದುದು. ಹೇಳುವಾಗ ಅವರ ದೃಷ್ಟಿ ಕಂಬಳಿಯ ಒಂದು ಎಳೆಯ ಮೇಲಿತ್ತು. “ಅಷ್ಟೇ. ಬೇರೇನೂ ಇಲ್ಲ. ಇದಕ್ಕೆ ಔಷಧಿ ಬರೆಯೋಕಾಗಲ್ಲ ಅಂತ ನನಗೂ ಗೊತ್ತು,” ಎಂದರು. ಹಜಾರದಿಂದ ಯಾರೋ ಡಾಕ್ಟರಮ್ಮನನ್ನು ಕೂಗಿದರು. ಆಕೆ ತಟ್ಟನೆ ಏಳಲಿಲ್ಲ. ಆ ನರ್ಸಮ್ಮ ಈಗಿರುವುದು ನದಿಯಾಚೆಯ ಊರಿನ ಹೊಸ ಆಸ್ಪತ್ರೆಯಲ್ಲಿ, ಮೂಳೆಯ ವಿಭಾಗದಲ್ಲಿ, ತಮ್ಮ ಗೆಳತಿಯೊಬ್ಬಳೂ ಅಲ್ಲೇ ಕೆಲಸ ಮಾಡುತ್ತಾಳೆ ಎಂದು ತಿಳಿಸಿ, “ವಾಸಿಯಾದ ಮೇಲೆ ಹೋಗಿ ನೋಡ್ಕೊಂಡು ಬನ್ನಿ,” ಎಂದು ಅವರ ಅಂಗೈಯನ್ನು ಒಮ್ಮೆ ಒತ್ತಿ ಹೊರಟರು.

ವಾಸಿಯಾಗಲು ಅವರು ತೋರಿದ ಉತ್ಸಾಹವನ್ನು ನಾನು ಅವರಲ್ಲಿ ಮೊದಲು ಕಂಡಿರಲಿಲ್ಲ. ಬೇಸಿಗೆ ಕಾಲಿಟ್ಟ ಮೇಲೆ ಒಂದು ಮುಂಜಾನೆ ನಾವಿಬ್ಬರೂ ಬಸ್ಸು ಹತ್ತಿದೆವು. ಕೋಟಿಗೆ ಇಸ್ತ್ರಿ ಮಾಡಿಸಿದ್ದರು. ರೋಮವೆಲ್ಲ ಒಂದೇ ಕಡೆ ಬಾಗಿ, ತಲೆ ಬಾಚಿದ ಕರಡಿಯಂತೆ ಕಾಣುತ್ತಿದ್ದರು. ದಾರಿಯುದ್ದಕ್ಕೂ ಒಂದು ಫಲಕವನ್ನೂ ಓದಲಿಲ್ಲ. “ಏನು ಹೇಳೋದು ಅವರಿಗೆ?” ಎಂದು ಒಮ್ಮೆ ಕೇಳಿದರು. “ಚೆನ್ನಾಗಿದ್ದೀನಿ ಅಂತ ಹೇಳಿ,” ಎಂದೆ. ಅದನ್ನು ತುಟಿಯಲ್ಲೇ ಅಂದುಕೊಂಡು ನೋಡಿದರು.

ಹೊಸ ಆಸ್ಪತ್ರೆ ಕನ್ನಡಿಯಂಥ ನೆಲದ, ತಣ್ಣನೆಯ ಗಾಳಿಯ, ಬಾಗಿಲು ತಾನಾಗಿ ಸರಿಯುವ ಎತ್ತರದ ಕಟ್ಟಡ. ಅಲ್ಲಿ ಕಿರುಗುಟ್ಟುವ ಚಕ್ರವಿಲ್ಲ, ತಪ್ಪಕ್ಷರದ ಫಲಕವಿಲ್ಲ. ಮೂಳೆಯ ವಿಭಾಗದ ಉದ್ದನೆಯ ಕೋಣೆಯ ಆ ತುದಿಯಲ್ಲಿ ನರ್ಸಮ್ಮ ಕಂಡರು. ತುಸು ದಪ್ಪವಾಗಿದ್ದರು, ಕೂದಲು ನೆರೆತಿತ್ತು. ಕರಡಣ್ಣ ಹತ್ತಿರ ಹೋಗಿ ನಿಂತರು. ಆಕೆ ತಿರುಗಿದರು.

“ಯಾರು ಬೇಕಾಗಿತ್ತು?”

“ನಾನು... ಆ ಹಳೇ ಆಸ್ಪತ್ರೆಲಿ... ಸೊಂಟ ಮುರಿದು...”

“ಓ, ಅಲ್ಲಿ ಇದ್ರಾ? ಯಾವ ವಾರ್ಡು?” ಆಕೆ ಹುಬ್ಬು ಕೂಡಿಸಿ ನೆನಪಿಸಿಕೊಳ್ಳಲು ನಿಜವಾಗಿಯೂ ಯತ್ನಿಸಿದರು. ಮುಖವನ್ನು ನೋಡಿದರು, ಕೋಟನ್ನು ನೋಡಿದರು. ಆಗ ನನಗೆ ಹೊಳೆಯಿತು: ಕೋಟು ತೊಟ್ಟ ಕರಡಣ್ಣನನ್ನು ಆಕೆ ಕಂಡದ್ದು ಹಜಾರದ ಗದ್ದಲದಲ್ಲಿ, ನಡೆಯುತ್ತಲೇ, ಒಂದೆರಡು ಗಳಿಗೆ; ವಾರ್ಡಿನಲ್ಲಿ ಎಲ್ಲರದೂ ಒಂದೇ ನೀಲಿ ಅಂಗಿ. ಆಕೆಯ ಕಣ್ಣಲ್ಲಿ ಗುರುತಿನ ಬೆಳಕು ಹೊತ್ತಿಕೊಳ್ಳಲಿಲ್ಲ. ಹಾಗೆಂದು ಸುಳ್ಳಾಡಿ ನಗಲೂ ಇಲ್ಲ. “ನೆನಪು ಬರ್ತಿಲ್ಲ ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ. ತುಂಬ ಜನ ಬರ್ತಾರೆ ನೋಡಿ,” ಎಂದು, ಗೋಡೆಬದಿಯ ಸ್ಟೂಲನ್ನು ಎಳೆದು ಅವರನ್ನು ಕೂರಿಸಿ, ತಾವೂ ಎದುರಿಗೆ ಕುಳಿತು, “ಈಗ ಹೇಗಿದೀರಿ? ಮಲಗಿದ್ರೆ ನೋವು ಬರುತ್ತಾ? ನಿದ್ದೆ ಆಗುತ್ತಾ?” ಎಂದು ಕೇಳಿ, ಕಾದರು.

ಕರಡಣ್ಣ ಹೇಳಿದರು. ನಿದ್ದೆಯ ಸುದ್ದಿ, ಎಡಮಗ್ಗುಲಿನ ಸುದ್ದಿ, ಚಳಿಗಾಲದ ಜ್ವರದ ಸುದ್ದಿ. ಆಕೆ ಎಲ್ಲವನ್ನೂ ಕೇಳಿದರು. ಅಷ್ಟರಲ್ಲಿ ಪಕ್ಕದ ಮಂಚದಿಂದ ಮುದುಕಿಯೊಬ್ಬಳು ನರಳಿ ಕರೆದಳು. ಆಕೆ ಕರಡಣ್ಣನ ಭುಜ ಮುಟ್ಟಿ ಎದ್ದು ಹೋಗಿ ಅಲ್ಲೂ ಹಾಗೆಯೇ ಕುಳಿತರು. ಬೆನ್ನು ತುಸು ಬಗ್ಗಿಸಿ, ಮುಖ ಮುಂದು ಮಾಡಿ, ಇಡೀ ದಿನ ಇದೊಂದೇ ಕೆಲಸವೆಂಬಂತೆ.

ಹೊರಬಾಗಿಲಿನ ಬಳಿ ಕಂಬವೊಂದರ ಮೇಲೆ ಒಂದು ಯಂತ್ರವಿತ್ತು. ‘ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೆ?’ ಎಂದು ಬರೆದು ಕೆಳಗೆ ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ, ಮೂರು ಗುಂಡಿ. ಹೋಗುವವರೆಲ್ಲ ಒಂದನ್ನು ಒತ್ತಿ ಹೋಗುತ್ತಿದ್ದರು. ಕರಡಣ್ಣ ಅದರ ಮುಂದೆ ನಿಂತು ಅಕ್ಷರಗಳನ್ನು ಓದಿದರು, ತಪ್ಪೇನೂ ಇರಲಿಲ್ಲ. ಬೆರಳನ್ನು ಮುಂದೆ ಮಾಡಿದರು, ಒಂದರ ಮೇಲಿಂದ ಇನ್ನೊಂದಕ್ಕೆ ಸರಿಸಿದರು. ಹಿಂದೆ ಜನ ನಿಂತರು. “ಇದರಲ್ಲಿ ನನ್ನ ಮುಖ ಯಾವುದೂ ಅಲ್ಲ,” ಎಂದು ಮೆಲ್ಲಗೆ ಹೇಳಿ, ಯಾವುದನ್ನೂ ಒತ್ತದೆ ದಾರಿ ಬಿಟ್ಟರು.

ಬಸ್ಸು ನದಿ ದಾಟತೊಡಗಿತು. ಸೇತುವೆಯ ಕಂಬಿಗಳ ನೆರಳು ಒಂದರ ಹಿಂದೊಂದು ಅವರ ಮುಖದ ಮೇಲೆ ಹಾದುಹೋಗುತ್ತಿತ್ತು.

“ಎಲ್ಲರನ್ನೂ ಹಾಗೇ ಕೇಳ್ತಾರೆ,” ಎಂದರು.

“ಹೌದು,” ಎಂದೆ. “ಅದು ದೊಡ್ಡದಲ್ವಾ?”

“ದೊಡ್ಡದೇ.” ನದಿ ಹಿಂದಾಯಿತು. “ನನ್ನ ನೆನಪಿರುತ್ತೆ ಅಂದ್ಕೊಂಡಿದ್ದೆ.”

ಅದಾದ ಮೇಲೆ ಅವರು ಕೆಲವು ವರ್ಷ ಬಾಳಿದರು, ಕರಡು ತಿದ್ದಿದರು. ತಂಗಿ ದಿನವೂ ಬೆಳಿಗ್ಗೆ ಫೋನು ಮಾಡುವ ಪರಿಪಾಠ ಇಟ್ಟುಕೊಂಡಳು. ಅವಳ ಪ್ರಶ್ನೆಗೆ ಅವರು ಅಕ್ಕರೆಯಿಂದಲೇ ಉತ್ತರಿಸುತ್ತಿದ್ದರು, ಆದರೆ ಕಣ್ಣು ಕಿಟಕಿಯಾಚೆ ಇರುತ್ತಿತ್ತು. ಡಾಕ್ಟರಮ್ಮ ಹಜಾರದ ಗದ್ದಲದಲ್ಲಿ ಅವರನ್ನು ಕಂಡಾಗಲೆಲ್ಲ ಎರಡು ನಿಮಿಷ ನಿಂತು ಮಾತಾಡಿಸುತ್ತಿದ್ದರು, ಆ ಎರಡು ನಿಮಿಷವನ್ನು ಆಕೆ ಎಲ್ಲಿಂದ ಕಿತ್ತು ತರುತ್ತಿದ್ದರೋ ಕಾಣೆ. ಕೊನೆಗೆ ಕರಡಣ್ಣ ತೀರಿಕೊಂಡದ್ದೂ ಆ ಹಳದಿ ಗೋಡೆಗಳ ನಡುವೆಯೇ, ಒಂದು ಮಧ್ಯಾಹ್ನ, ತಂಗಿಯ ಕೈಯಲ್ಲಿ ಕೈಯಿಟ್ಟು.

ಕರಡಣ್ಣನಂಥವರು ಎಲ್ಲ ಆಸ್ಪತ್ರೆಗಳ ಬೆಂಚುಗಳ ತುದಿಯಲ್ಲೂ ಇರುತ್ತಾರೆ. ರೋಗವಿಲ್ಲದೆ ಬರುವವರೆಂದು ಅವರ ಮೇಲೆ ಕೆಲವರಿಗೆ ಕೋಪ, ಹಳೆಯ ಪರಿಚಯದವರೆಂದು ಕೆಲವರಿಗೆ ಸಲಿಗೆ. ಅವರು ಬಾಳಿನ ಬಹುಪಾಲನ್ನು ಯಾರಿಂದಲೂ ಏನನ್ನೂ ಬಯಸದೆ, ಬಯಸಬಹುದೆಂದು ತಿಳಿಯದೆ ನಿಶ್ಚಿಂತೆಯಿಂದ ಕಳೆದಿರುತ್ತಾರೆ. ದೇಹ ಮುರಿದು ಮಲಗಿದ ಯಾವುದೋ ಬೆಳಗು ಅಪರಿಚಿತ ದನಿಯೊಂದು ಅವರನ್ನು ವಿಚಾರಿಸಿಕೊಳ್ಳುತ್ತದೆ, ಮೂಳೆ ಕೂಡಿಕೊಳ್ಳುತ್ತದೆ, ದನಿ ತನ್ನ ಪಾಳಿ ಮುಗಿಸಿ ಮುಂದಿನ ಮಂಚಕ್ಕೆ ಹೋಗುತ್ತದೆ, ಹೋಗಲೇಬೇಕು. ತೃಪ್ತಿ, ತೃಷೆ ಎರಡೂ ಒಂದೇ ಅಕ್ಷರ ಹಿಡಿದು ಹೊರಡುವ ಮಾತುಗಳು. ಮೊದಲನೆಯದನ್ನು ಇಷ್ಟು ತಡವಾಗಿ ಸವಿದವರಿಗೆ ಎರಡನೆಯದು ಜೊತೆಗೇ ಅಂಟಿಕೊಂಡು ಬರುತ್ತದೆ. ಅವರು ಗುಣವಾಗಿ ಮನೆಗೆ ಹೋಗುತ್ತಾರೆ, ಮತ್ತು ಹೋದ ಮೇಲೆ ಉಳಿದಷ್ಟು ದಿನವೂ ಬೆಳಗಾಗುತ್ತಲೇ, ಇನ್ನು ಯಾರೂ ಬರುವುದಿಲ್ಲವೆಂದು ಚೆನ್ನಾಗಿ ಬಲ್ಲವರಾಗಿಯೂ, ಬಾಗಿಲಿನ ಕಡೆ ಒಮ್ಮೆ ನೋಡುತ್ತಾರೆ.